ನಾನು ಕೊಟ್ಟ ಮರ್ಯಾದೆ

ಇಪ್ಪತ್ತೆರಡು ವರ್ಷ ಬಸ್ಸುಗಳ ಮ್ಯಾನೇಜರಾಗಿದ್ದೆ. ಆ ಕಾಲದಲ್ಲಿ ಕೆಲಸದವರ ಮೇಲೆ ಕೈ ಮಾಡಲಿಲ್ಲ. ಮೊದಲ ವರ್ಷ ಬಿಟ್ಟರೆ ಗಟ್ಟಿಯಾಗಿ ಬೈಯಲೂ ಇಲ್ಲ. ತರೀಕೆರೆ ಬಸ್ ಸ್ಟ್ಯಾಂಡಿನಲ್ಲಿ ನನ್ನ ಬಗ್ಗೆ ಕೇಳಿದರೆ, ಒಳ್ಳೆ ಮನುಷ್ಯ, ಎಲ್ಲರಿಗೂ ಮರ್ಯಾದೆ ಕೊಡುತ್ತಿದ್ದ ಎಂದು ಈಗಲೂ ಹೇಳುವವರಿದ್ದಾರೆ. ಅವರಲ್ಲಿ ಕೆಲವರು ಹಾಗೆ ಹೇಳುವಾಗ ಒಂಥರಾ ನಗುತ್ತಾರೆ. ಆ ನಗು ಯಾಕೆಂದು ನನಗೆ ಗೊತ್ತು. ಅದನ್ನು ಬರೆಯಬೇಕೆಂದು ಮೂರು ಸಲ ಕೂತು ಮೂರು ಸಲ ಎದ್ದಿದ್ದೇನೆ.

ನಾನು ಓದಿದ್ದು ಹೈಸ್ಕೂಲಿನವರೆಗೆ. ಮೊದಲು ತರೀಕೆರೆ ಸ್ಟ್ಯಾಂಡಿನಲ್ಲಿ ಏಜೆಂಟಾಗಿದ್ದೆ. ಬಸ್ಸಿನ ಬಾಗಿಲಲ್ಲಿ ನಿಂತು ಅಜ್ಜಂಪುರ, ಬೀರೂರು, ಕಡೂರು ಎಂದು ಕೂಗಿ ಜನ ಹತ್ತಿಸುವ ಕೆಲಸ. ಬಸ್ಸುಗಳು ಕಡೂರಿನ ಒಬ್ಬ ಸಾಹುಕಾರರವು. ಆರು ಬಸ್ಸು, ಹದಿನೈದು ಹದಿನಾರು ಜನ ಡ್ರೈವರು ಕಂಡಕ್ಟರುಗಳು. ಹಣೆ ತುಂಬ ವಿಭೂತಿ ಹಚ್ಚಿ, ಮೆಲ್ಲಗೆ ಮಾತಾಡುವ ಮನುಷ್ಯ ಸಾಹುಕಾರರು. ನನ್ನ ಅಕ್ಷರ ಚೆನ್ನಾಗಿದೆ ಎಂಬ ಒಂದೇ ಕಾರಣಕ್ಕೆ ನನ್ನನ್ನು ಮ್ಯಾನೇಜರ್ ಮಾಡಿ, ಸ್ಟ್ಯಾಂಡಿನ ಪಕ್ಕದಲ್ಲಿ ಒಂದು ರೂಮು, ಒಂದು ಮೇಜು ಕೊಟ್ಟರು.

ಮ್ಯಾನೇಜರಾದ ಹೊಸದರಲ್ಲಿ, ತಡವಾಗಿ ಬಂದ ಒಬ್ಬ ಕಂಡಕ್ಟರನ್ನು ಸ್ಟ್ಯಾಂಡಿನಲ್ಲೇ ನಿಲ್ಲಿಸಿಕೊಂಡು ಬಾಯಿಗೆ ಬಂದಂತೆ ಬೈದೆ. ಮರುದಿನ ಸಾಹುಕಾರರು ಕಡೂರಿಗೆ ಕರೆಸಿದರು. ಜಗಲಿಯಲ್ಲಿ ಕೂರಿಸಿ ಕಾಫಿ ಕೊಡಿಸಿದರು.

"ಬೈದ್ಯಂತಲ್ಲೋ?"

"ಹೌದು ಸಾವ್ಕಾರ್ರೆ. ಮಿತಿ ಮೀರಿದ್ದ."

"ಬೈಬೇಡ ಕಣಯ್ಯ. ಬೈಸ್ಕಂಡೋನು ಅಲ್ಲಿಗೆ ಮುಗೀತು ಅಂತ ಉಂಡು ಮಲಗ್ತಾನೆ. ಅವನ್ನ ಬಹುವಚನದಾಗೆ ಮಾತಾಡ್ಸು. ಬನ್ನಿ, ಕೂತ್ಕಳಿ, ಊಟ ಆಯ್ತಾ ಅನ್ನು. ನಾಕು ದಿನ ಅಷ್ಟೇ. ಆಮೇಲೆ ನೋಡು."

ತಮಾಷೆಗೆ ಹೇಳಿದರು ಅಂದುಕೊಂಡೆ. ಆದರೂ ಮಾಡಿ ನೋಡಿದೆ. ಅದೇ ಕಂಡಕ್ಟರು ಬಂದಾಗ, "ಬನ್ನಿ ಕಂಡಕ್ಟರ್ರೆ, ತಿಂಡಿ ಆಯ್ತಾ?" ಅಂದೆ. ಅವನು ಹಿಂದೆ ತಿರುಗಿ ನೋಡಿದ, ಬೇರೆ ಯಾರನ್ನೋ ಕರೆದೆ ಅಂತ. ಮೂರನೆಯ ದಿನಕ್ಕೆ ಅವನ ಮುಖ ಇಳಿದಿತ್ತು. ಐದನೆಯ ದಿನ ಹೇಳದೆಯೇ ಅರ್ಧ ಗಂಟೆ ಮುಂಚೆ ಬಂದು ನಿಂತ.

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಲೇ, ಬಾರೋ, ಎಲ್ಲಿ ಹಾಳಾಗಿ ಹೋಗಿದ್ಯೋ, ಏನಪ್ಪಾ ಉಂಡ್ಯಾ, ಇವು ನಮ್ಮಲ್ಲಿ ಹತ್ತಿರದವರ ಮಾತು. ಹತ್ತು ವರ್ಷ ಹೀಗೆ ಕರೆಸಿಕೊಂಡವನಿಗೆ ಒಂದು ಬೆಳಿಗ್ಗೆ "ಬನ್ನಿ, ಕೂತ್ಕೊಳ್ಳಿ" ಅಂದರೆ ಅವನನ್ನು ಮನೆಯಿಂದ ಆಚೆ ಹಾಕಿ ಚಿಲಕ ಹಾಕಿದ ಹಾಗೆ. ಬೈದಿಲ್ಲ, ಆದ್ದರಿಂದ ಎದುರು ಮಾತಾಡುವಂತಿಲ್ಲ. ತಪ್ಪೇನೆಂದು ಹೇಳಿಲ್ಲ, ಆದ್ದರಿಂದ ತಪ್ಪಾಯಿತು ಎನ್ನುವಂತೆಯೂ ಇಲ್ಲ.

ಸಾಹುಕಾರರು ಇದನ್ನು ನನ್ನ ಮೇಲೂ ಮಾಡಿದರು. ಒಮ್ಮೆ ಅವರನ್ನು ಕೇಳದೆ ಒಂದು ಬಸ್ಸನ್ನು ಮದುವೆಗೆ ಕಳಿಸಿಬಿಟ್ಟಿದ್ದೆ. ಮರುದಿನ ಫೋನಿನಲ್ಲಿ, "ಮ್ಯಾನೇಜರ್ ಸಾಹೇಬ್ರು ಹೆಂಗಿದೀರಿ?" ಅಂದರು. ಅಷ್ಟೇ. ಮೂರು ದಿನ ಅದೇ ಬಹುವಚನ. ಫೋನ್ ಬಡಿದರೆ ಎತ್ತುವ ಮೊದಲು ಎದ್ದು ನಿಲ್ಲುತ್ತಿದ್ದೆ. ನಾಲ್ಕನೆಯ ದಿನ, "ಲೇ, ಎಲ್ಲಿ ಸತ್ತಿದ್ಯೋ, ಫೋನ್ ಎತ್ತಕ್ಕೆ ಇಷ್ಟೊತ್ತೇನೋ" ಎಂದು ಕೂಗಿದರು. ರಿಸೀವರ್ ಇಟ್ಟು ರೂಮಿನ ಹಿಂದೆ ಹೋಗಿ ಅತ್ತೆ. ಸಂತೋಷಕ್ಕೆ ಅತ್ತೆ. ಆ ಬಹುವಚನ ಒಬ್ಬ ಮನುಷ್ಯನಿಗೆ ಏನು ಮಾಡುತ್ತದೆ ಎಂದು ನನಗೆ ಗೊತ್ತಿರಲಿಲ್ಲ ಅಂತ ಹೇಳಿಕೊಳ್ಳುವ ದಾರಿಯನ್ನು ನಾನೇ ಹೀಗೆ ಮುಚ್ಚಿಕೊಂಡಿದ್ದೇನೆ.

ನಮ್ಮ ಹುಡುಗರು ಇದಕ್ಕೆ ಹೆಸರು ಇಟ್ಟಿದ್ದರು. ಬೆಳಿಗ್ಗೆ ಟೀ ಅಂಗಡಿಯಲ್ಲಿ, "ಇವತ್ತು ಯಾರಿಗಪ್ಪಾ ಮರ್ಯಾದೆ?" ಎಂದು ಕೇಳಿಕೊಳ್ಳುತ್ತಿದ್ದರು. "ಅವನಿಗೆ ಮರ್ಯಾದೆ ಬಂತು ಕಣೋ" ಅಂದರೆ ಅವನ ಪಕ್ಕ ಯಾರೂ ಕೂರುತ್ತಿರಲಿಲ್ಲ. ಕೂತರೆ ತಮಗೂ ಬಂದೀತೆಂಬ ಭಯ. ನಾನು ಹೇಳಿಕೊಟ್ಟಿದ್ದಲ್ಲ, ತಾವಾಗಿಯೇ ಕಲಿತರು. ರಜೆ ಕೇಳಲು ಬಂದವನಿಗೆ, "ಇದು ನಮ್ಮನೆ ಗಾಡಿ ಕಣೋ, ನಮ್ಮನೆ ಕೆಲಸಕ್ಕೆ ನಾವೇ ರಜೆ ಹಾಕ್ತೀವಾ?" ಅನ್ನುತ್ತಿದ್ದೆ. ಅದೇ ಮನುಷ್ಯ ಏನಾದರೂ ಹಕ್ಕಿನಿಂದ ಕೇಳಿದರೆ, "ನೋಡಿ, ಕಂಪನಿ ರೂಲ್ಸ್ ಹಂಗಿಲ್ಲ" ಅನ್ನುತ್ತಿದ್ದೆ. ಮನೆಯನ್ನೂ ಕಂಪನಿಯನ್ನೂ ಒಂದೇ ಬಾಯಲ್ಲಿ ಇಟ್ಟುಕೊಂಡಿದ್ದೆ.

ಈಗ ಆ ಡ್ರೈವರಿನ ವಿಷಯ. ಅವನು ಅಜ್ಜಂಪುರದವನು. ನನಗಿಂತ ಹದಿನೈದು ವರ್ಷಕ್ಕೆ ಚಿಕ್ಕವನು. ನಮ್ಮಲ್ಲಿ ಹದಿನಾಲ್ಕು ವರ್ಷ ಗಾಡಿ ಓಡಿಸಿದ್ದ. ತೆಳ್ಳಗೆ ಕಡ್ಡಿಯಂತಿದ್ದು ಸ್ಟೇರಿಂಗ್ ಹಿಡಿದರೆ ಬೇರೆ ಮನುಷ್ಯನಾಗುತ್ತಿದ್ದ. ಬಾಯಿ ಜೋರು. ನಾನು ಅವನನ್ನು ಲೇ ಎಂದೇ ಕರೆಯುತ್ತಿದ್ದೆ, ಅವನು ನನ್ನನ್ನು ಅಣ್ಣ ಅನ್ನುತ್ತಿದ್ದ. ನನ್ನ ಹೆಂಡತಿ ಆಸ್ಪತ್ರೆಯಲ್ಲಿದ್ದಾಗ ಶಿವಮೊಗ್ಗಕ್ಕೆ ದಿನಾ ಊಟ ತಂದವನು ಅವನು.

ಐದು ವರ್ಷದ ಹಿಂದಿನ ಮಾತು. ಮದುವೆಗಳ ಕಾಲ. ಎರಡು ಬಸ್ಸು ಮದುವೆಗಳಿಗೆ ಹೋಗಿದ್ದವು, ಇನ್ನೊಂದು ಕಡೂರಿನ ಶೆಡ್ಡಿನಲ್ಲಿ ಇಂಜಿನ್ ಬಿಚ್ಚಿ ಕೂತಿತ್ತು. ಅವನ ಗಾಡಿಯ ಬ್ರೇಕಿನಲ್ಲಿ ಏರ್, ಅಂದರೆ ಬ್ರೇಕ್ ಹಿಡಿಸುವ ಗಾಳಿಯ ಒತ್ತಡ, ನಿಲ್ಲುತ್ತಿರಲಿಲ್ಲ. ಎರಡು ಸಲ ಒತ್ತಿದರೆ ಮೂರನೆಯ ಸಲಕ್ಕೆ ಪೆಡಲು ಟೊಳ್ಳು. ಡ್ರೈವರುಗಳು ದಿನಾ ಸಂಜೆ ಗಾಡಿಯ ತೊಂದರೆ ಬರೆದು ಸಹಿ ಹಾಕುವ ಒಂದು ಪುಸ್ತಕ ನನ್ನ ಮೇಜಿನ ಮೇಲಿತ್ತು, ಒಬ್ಬೊಬ್ಬ ಡ್ರೈವರಿಗೂ ಬೇರೆ ಹಾಳೆ. ಅದರಲ್ಲಿ ಬರೆದ: ಏರ್ ನಿಲ್ಲುತ್ತಿಲ್ಲ, ವರ್ಕ್‌ಶಾಪಿಗೆ ಬಿಡಬೇಕು.

ನಾನು ಸಾಹುಕಾರರಿಗೆ ಫೋನ್ ಮಾಡಿದೆ. ಯಾವ ಯಾವ ಗಾಡಿ ಎಲ್ಲಿದೆ ಎಂದು ಅವರು ಕೇಳಿಕೊಂಡರು. ಆಮೇಲೆ, "ಗಾಡಿ ನಿಲ್ಲಿಸ್ಬೇಕು ಅಂತೀರಾ ಸಾಹೇಬ್ರೆ? ನಿಮ್ಮಿಷ್ಟ" ಅಂದರು. ನಿಮ್ಮಿಷ್ಟ ಅನ್ನುವ ಮಾತು ಕೇಳಿದೊಡನೆ ನನ್ನ ಇಷ್ಟ ಸತ್ತುಹೋಯಿತು. ಇಲ್ಲ ಸಾವ್ಕಾರ್ರೆ, ಓಡಿಸ್ತೀವಿ ಅಂದೆ.

ಮರುದಿನ ಬೆಳಿಗ್ಗೆ ಸ್ಟ್ಯಾಂಡಿನಲ್ಲಿ ಜನ ಹತ್ತಿ ಕೂತಿದ್ದಾರೆ, ಅವನು ಇಂಜಿನ್ ಆಫ್ ಮಾಡಿ ಕೆಳಗಿಳಿದು ಕೀ ಹಿಡಿದು ನನ್ನ ಮುಂದೆ ನಿಂತ.

"ನಾನ್ ತಗಂಡ್ ಹೋಗಲ್ಲ ಕಣಣ್ಣ. ಇದ್ಕೆ ಬ್ರೇಕ್ ಐತೋ ಇಲ್ವೋ ದೇವ್ರಿಗೇ ಗೊತ್ತು. ಬೇಕಾರೆ ನೀನೇ ಹತ್ಕಂಡು ಓಡ್ಸು, ನಾನು ಟಿಕೆಟ್ ಹರೀತೀನಿ."

ಸುತ್ತ ಇದ್ದವರು ನಕ್ಕರು. ಹಣ್ಣಿನ ಗಾಡಿಯವನು ಕೂಡ ನಕ್ಕ. ನಾನೂ ನಕ್ಕೆ. ನಕ್ಕು, ಮೆತ್ತಗಿನ ದನಿಯಲ್ಲಿ ಹೇಳಿದೆ:

"ಆಯ್ತು ಡ್ರೈವರ್ ಸಾಹೇಬ್ರೆ. ನೀವು ಹೇಳಿದ ಹಾಗೇ ಆಗ್ಲಿ. ಕೀ ಇಲ್ಲಿ ಕೊಡಿ. ನೀವು ದಣಿದಿದೀರಿ, ಮನೆಗೆ ಹೋಗಿ ಮಲಗಿ."

ಅವನ ಮುಖದ ಮೇಲಿನ ನಗು ಹಾಗೇ ಉಳಿಯಿತು, ಕಣ್ಣಿನಲ್ಲಿ ಮಾತ್ರ ಆರಿತು. ನಗುತ್ತಿದ್ದವರು ಒಬ್ಬೊಬ್ಬರಾಗಿ ಟೀ ಅಂಗಡಿ ಕಡೆ ಸರಿದರು. ಆ ಟ್ರಿಪ್ಪನ್ನು ಇನ್ನೊಬ್ಬ ಡ್ರೈವರು ಬಾಯಿ ಬಿಡದೆ ತೆಗೆದುಕೊಂಡು ಹೋದ.

ಮರುದಿನ ಅಜ್ಜಂಪುರದವನೇ ಎಲ್ಲರಿಗಿಂತ ಮುಂಚೆ ಬಂದು ಕೀ ಕೇಳಿದ. "ತಗೊಳ್ಳಿ" ಎಂದು ಕೊಟ್ಟೆ. ಅದೇ ಗಾಡಿಯನ್ನು ಓಡಿಸಿದ. ಸಂಜೆ ಪುಸ್ತಕದಲ್ಲಿ ಬರೆದ, ಏರ್ ನಿಲ್ಲುತ್ತಿಲ್ಲ. ಅದರ ಮರುದಿನವೂ ಬರೆದ. ನಾನು ಓದಿ, "ಬರೆದ್ರಾ? ಒಳ್ಳೇದು" ಅನ್ನುತ್ತಿದ್ದೆ. ಅಕ್ಷರ ದಿನದಿಂದ ದಿನಕ್ಕೆ ಸಣ್ಣದಾಗುತ್ತಾ ಬಂತು. ಅವನ ಟೀ ಲೋಟದ ಪಕ್ಕ ಇನ್ನೊಂದು ಲೋಟ ಇರುತ್ತಿರಲಿಲ್ಲ. ಹದಿನಾಲ್ಕು ವರ್ಷ ಜೊತೆಗಿದ್ದವರು ಅವನು ಬಂದರೆ ಮೊಬೈಲ್ ತೆಗೆದು ನೋಡುತ್ತಿದ್ದರು. ನನಗೆ ಇದೆಲ್ಲ ಕಾಣುತ್ತಿತ್ತು. ಇನ್ನು ಎರಡು ದಿನ, ಆಮೇಲೆ ಬಿಟ್ಟುಬಿಡೋಣ ಅಂದುಕೊಳ್ಳುತ್ತಿದ್ದೆ. ಬಿಡಲಿಲ್ಲ. ಬಿಟ್ಟರೆ ಬ್ರೇಕಿನ ವಿಷಯ ಮತ್ತೆ ಬಾಯಿಗೆ ಬರುತ್ತದೆ, ಬಂದರೆ ಮತ್ತೆ ಕಡೂರಿಗೆ ಫೋನ್ ಮಾಡಬೇಕು. ಆ ಫೋನಿಗೆ ನಾನು ಹೆದರಿದ್ದೆ.

ಹತ್ತನೆಯ ದಿನ ಸಂಜೆ ರೂಮಿಗೆ ಬಂದು ಬಾಗಿಲಲ್ಲೇ ನಿಂತ.

"ಬನ್ನಿ, ಕೂತ್ಕೊಳ್ಳಿ" ಅಂದೆ.

"ಬಯ್ಯಣ್ಣ ನನ್ನ. ಕಪಾಳಕ್ಕೆ ಬೇಕಾರೆ ಹಾಕು. ಹಿಂಗೆ ಮಾತ್ರ ಮಾತಾಡ್ಬೇಡ ಕಣಣ್ಣ, ಮನೇಲಿ ಹೆಂಡ್ರು ಕೇಳ್ತಾಳೆ ಏನಾಯ್ತು ಅಂತ, ಏನಂತ ಹೇಳ್ಲಿ?"

"ಛೇ, ನಿಮ್ಮನ್ನ ಬಯ್ಯೋದಾ? ನೀವು ಹಿರೀ ಡ್ರೈವರು."

ಅವನು ಒಳಗೆ ಬಂದು, ಪುಸ್ತಕ ಎಳೆದುಕೊಂಡು ಬರೆದು ಹೋದ. ಅವನು ಹೋದ ಮೇಲೆ ನೋಡಿದೆ. ಗಾಡಿ ಚೆನ್ನಾಗಿದೆ ಎಂದು ಬರೆದಿದ್ದ. ಗೆದ್ದೆ ಅನ್ನಿಸಿತು. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೆ ಅನ್ನಿಸಿದ್ದು ಅದೇ.

ಹನ್ನೊಂದನೆಯ ದಿನ ಅಜ್ಜಂಪುರದ ಏಜೆಂಟನ್ನು ನೋಡುವ ಕೆಲಸವಿತ್ತು. ಬೆಳಗಿನ ಟ್ರಿಪ್ಪಿಗೆ ಅದೇ ಬಸ್ಸು ಹತ್ತಿದೆ. ಇಂಜಿನ್ನಿನ ಪಕ್ಕದ ಸೀಟು, ಅವನಿಗೂ ನನಗೂ ಒಂದು ಮೊಳ ಅಂತರ. ಊರು ದಾಟುವ ಮೊದಲೇ ನನಗೆ ಗೊತ್ತಾಯಿತು. ಒಂದೊಂದು ಸ್ಟಾಪಿಗೂ ಅವನು ಬಹಳ ಹಿಂದಿನಿಂದಲೇ ಗೇರು ಇಳಿಸುತ್ತಾ ಬರುತ್ತಿದ್ದ. ಪೆಡಲನ್ನು ಮೆಲ್ಲಗೆ, ಮೊಟ್ಟೆ ಒತ್ತಿದ ಹಾಗೆ ಒತ್ತುತ್ತಿದ್ದ. ಏರ್ ಮೀಟರಿನ ಮುಳ್ಳು ಇರಬೇಕಾದ ಜಾಗಕ್ಕಿಂತ ಎಷ್ಟೋ ಕೆಳಗೆ ಅಲ್ಲಾಡುತ್ತಿತ್ತು. ಮುಂದಿನ ಕಂಬಿ ಹಿಡಿದುಕೊಂಡೆ.

"ಏರ್ ಹೇಗಿದೆ?" ಎಂದು ಕೇಳಿದೆ.

"ಚೆನ್ನಾಗೈತೆ ಸಾರ್" ಅಂದ. ರಸ್ತೆಯಿಂದ ಕಣ್ಣು ತೆಗೆಯಲಿಲ್ಲ.

ಅವನು ನನ್ನನ್ನು ಯಾವತ್ತೂ ಸಾರ್ ಅಂದವನಲ್ಲ. ಸುಳ್ಳು ಹೇಳುತ್ತಿದ್ದಾನೆಂದು ನನಗೂ ಗೊತ್ತು, ನನಗೆ ಗೊತ್ತೆಂದು ಅವನಿಗೂ ಗೊತ್ತು. ಆಗಲೇ ಬಸ್ ನಿಲ್ಲಿಸು ಅನ್ನಬಹುದಿತ್ತು. ಹಿಂದೆ ಐವತ್ತು ಜನ ಕೂತಿದ್ದರು, ಸ್ಕೂಲಿನ ಟೀಚರುಗಳು, ಸಂತೆಗೆ ಹೊರಟ ಹೆಂಗಸರು. ಪಕ್ಕದಲ್ಲಿ ಕಂಡಕ್ಟರು ಕಿವಿ ಕೊಟ್ಟು ನಿಂತಿದ್ದ. ನಿಲ್ಲಿಸು ಅಂದರೆ ಅವನು ಹೇಳಿದ್ದೇ ಸರಿ ಎಂದು ಒಪ್ಪಿದಂತಾಗುತ್ತದೆ. ನಾನು ಕಿಟಕಿಯ ಕಡೆ ತಿರುಗಿಕೊಂಡೆ.

ದಾರಿಯಲ್ಲಿ ಒಂದು ರೈಲ್ವೆ ಗೇಟಿದೆ. ಅದಕ್ಕೆ ಮುಂಚೆ ಉದ್ದನೆಯ ಇಳಿಜಾರು. ಇಳಿಜಾರಿನ ತಲೆಯಲ್ಲಿದ್ದಾಗ ಗೇಟು ಬೀಳತೊಡಗಿತು. ಅವನು ಒತ್ತಿದ. ಬಸ್ಸು ಸ್ವಲ್ಪ ತಡೆಯಿತು. ಮತ್ತೆ ಒತ್ತಿದ. ಮೂರನೆಯ ಸಲ ಪೆಡಲು ತಳ ಮುಟ್ಟಿದ ಶಬ್ದ ನನಗೆ ಕೇಳಿತು. ಗೇರನ್ನು ಎರಡಕ್ಕೆ ತಳ್ಳಿದ, ಇಂಜಿನ್ ಗೋಳಾಡಿತು, ಹ್ಯಾಂಡ್ ಬ್ರೇಕನ್ನು ಎರಡೂ ಕೈಯಲ್ಲಿ ಎಳೆದ. ಗೇಟಿನ ಕೆಂಪು ಬಿಳಿ ಅಡ್ಡಪಟ್ಟಿ ಗಾಜಿನ ತುಂಬ ಬಂತು, ಮುರಿಯಿತು, ಬಸ್ಸು ಹಳಿಗಳ ಮೇಲೆ ಹೋಗಿ ಇಂಜಿನ್ ಬಂದ್ ಆಗಿ ನಿಂತಿತು.

ಎಲ್ಲೋ ದೂರದಲ್ಲಿ ರೈಲು ಕೂಗಿತು.

ಮೊದಲು ಹಾರಿದವನು ನಾನು. ಇದನ್ನು ಯಾರಿಗೂ ಹೇಳಿರಲಿಲ್ಲ, ಆದರೆ ಐವತ್ತು ಜನ ನೋಡಿದ್ದಾರೆ. ಮುಂದಿನ ಬಾಗಿಲು ತೆಗೆದು ಹಾರಿ, ಜಲ್ಲಿಯ ಮೇಲೆ ಬಿದ್ದು, ಎದ್ದು ಓಡಿದೆ. ಮ್ಯಾನೇಜರೇ ಹಾರಿದ್ದನ್ನು ನೋಡಿ ಜನ ಕಿರುಚುತ್ತಾ ಎರಡೂ ಬಾಗಿಲಿಗೆ ನುಗ್ಗಿದರು. ಹಿಂದಿನ ಬಾಗಿಲಿನಿಂದ ಬಿದ್ದ ಒಬ್ಬ ಮುದುಕಿಯ ತೊಡೆಯ ಮೂಳೆ ಮುರಿಯಿತು. ಗೇಟಿನವನು ಕೆಂಪು ಬಾವುಟ ಹಿಡಿದು ಹಳಿಯ ಮೇಲೆ ಓಡುತ್ತಿದ್ದ. ನಾನು ಹೊಲದ ಬದುವಿನ ಮೇಲೆ ನಿಂತು ತಿರುಗಿ ನೋಡಿದೆ. ಡ್ರೈವರು ಸೀಟು ಬಿಟ್ಟು ಎದ್ದಿರಲಿಲ್ಲ. ಇಳಿಯಲಾಗದ ಎಷ್ಟೋ ಜನ ಇನ್ನೂ ಒಳಗಿದ್ದರು. ಅವನು ಕೀ ತಿರುಗಿಸುತ್ತಲೇ ಇದ್ದ. ನಾಲ್ಕನೆಯ ಸಲಕ್ಕೋ ಐದನೆಯ ಸಲಕ್ಕೋ ಇಂಜಿನ್ ಹಿಡಿಯಿತು. ಬಸ್ಸು ಕುಪ್ಪಳಿಸಿ ಆಚೆ ಕಡೆಯ ಪಟ್ಟಿಯನ್ನೂ ಮುರಿದು ಮಣ್ಣಿನ ದಿಬ್ಬಕ್ಕೆ ಒರಗಿ ನಿಂತಿತು. ರೈಲು ದೂರದಲ್ಲೇ ನಿಂತಿದ್ದು ಆಮೇಲೆ ಗೊತ್ತಾಯಿತು.

ಪೊಲೀಸರು ಅವನನ್ನು ಕರೆದುಕೊಂಡು ಹೋಗಿ, ಹೇಳಿಕೆ ಬರೆಸಿಕೊಂಡು, ಮಧ್ಯಾಹ್ನ ಜಾಮೀನಿನ ಮೇಲೆ ಬಿಟ್ಟರು. ಗಾಡಿಯ ಕಾಗದಪತ್ರಗಳನ್ನು ಮರುದಿನ ತರಬೇಕೆಂದು ನನಗೆ ಹೇಳಿದರು. ಅಷ್ಟರಲ್ಲಿ ಕಡೂರಿನಿಂದ ಫೋನ್ ಬಂದಿತ್ತು.

"ಲೇ, ಪುಸ್ತಕದಾಗೆ ಏನೈತೋ?"

ಹೇಳಿದೆ.

"ನೀನು ನಮ್ಮನೆ ಮಗ ಇದ್ದಂಗೆ ಕಣೋ. ನೋಡ್ಕ" ಎಂದು ಇಟ್ಟರು.

ಡ್ರೈವರನ್ನು ರೂಮಿಗೆ ಕರೆತಂದು ಬಾಗಿಲು ಹಾಕಿದೆ. ಅವನ ಅಂಗಿಯ ತೋಳು ಹರಿದಿತ್ತು. ಮೂಲೆಯಲ್ಲಿದ್ದ ಒಂದು ಪೆಟ್ಟಿಗೆಯ ಮೇಲೆ ಕೂತು ನೆಲ ನೋಡುತ್ತಿದ್ದ. ಏನು ಮಾಡಬೇಕೆಂದು ನನಗೆ ಗೊತ್ತಿತ್ತು. ಮೇಜು ಸುತ್ತಿ ಹೋಗಿ ಅವನ ಹೆಗಲ ಮೇಲೆ ಕೈ ಇಟ್ಟೆ.

"ಲೇ, ಏನಾದ್ರೂ ತಿಂದ್ಯೇನೋ?"

ಅವನು ತಲೆ ಎತ್ತಿದ. ಆ ಕಣ್ಣುಗಳನ್ನು ನಾನು ಸಾಯುವವರೆಗೂ ಹೊರಬೇಕು. ರೈಲಿನ ಮುಂದೆ ನಡುಗದವನು, ಪೊಲೀಸರ ಮುಂದೆ ಅಳದವನು, ಒಂದು ಲೇ ಕೇಳಿ ಹೆಣ್ಣುಮಗಳಂತೆ ಬಿಕ್ಕಿದ. ಟೀ, ಬನ್ನು ತರಿಸಿದೆ. ತಿನ್ನಿಸಿದೆ. ಆಮೇಲೆ ಹೇಳಿದೆ:

"ನೋಡೋ, ಈ ಹಾಳೆ ಪೊಲೀಸ್ರ ಕೈಗೆ ಹೋದ್ರೆ ಗೊತ್ತಿದ್ದೂ ಗಾಡಿ ಬಿಟ್ರು ಅಂತ ಎಲ್ರೂ ಒಳಗೋಗ್ತೀವಿ. ಹೊಸ ಹಾಳೇಲಿ ಬರ್ದುಬಿಡು. ಗಾಡಿ ಚೆನ್ನಾಗಿತ್ತು, ಇದ್ದಕ್ಕಿದ್ದಂಗೆ ಬ್ರೇಕ್ ಹೋಯ್ತು ಅಂತಾಗ್ತದೆ. ನಿನ್ನ ನಾನು ಕೈ ಬಿಡ್ತೀನೇನೋ ಲೇ?"

ಅವನು ಬರೆದ. ಒಂದೊಂದು ತಾರೀಖಿನ ಮುಂದೆಯೂ, ಗಾಡಿ ಚೆನ್ನಾಗಿದೆ. ಅದರ ಕೆಳಗೆ ಸಹಿ. ಮೂರು ಸಾಲು ಬರೆದು ನಿಲ್ಲಿಸಿ, "ಎಲ್ಲಾ ಒಂದೇ ಪೆನ್ನಲ್ಲಿ ಬೇಡ ಕಣಣ್ಣ, ಗೊತ್ತಾಗ್ತದೆ" ಎಂದು ತನ್ನ ಜೇಬಿನಿಂದ ಇನ್ನೊಂದು ಪೆನ್ನು ತೆಗೆದ. ನೇಣಿಗೆ ತನ್ನ ಕುತ್ತಿಗೆಯ ಅಳತೆ ತಾನೇ ಕೊಡುತ್ತಿದ್ದಾನೆಂದು ನನಗೆ ತಿಳಿಯುತ್ತಿತ್ತು. ಹೌದಲ್ವೇನೋ, ನಿನ್ನ ಬುದ್ಧಿ ನಂಗಿಲ್ಲ ಅಂದೆ. ಅವನು ನಕ್ಕ. ಹಳೆಯ ಹಾಳೆಯನ್ನು ಟೀ ಅಂಗಡಿಯ ಒಲೆಗೆ ಹಾಕಿದೆ.

ಇದ್ದಕ್ಕಿದ್ದ ಹಾಗೆ ಬ್ರೇಕ್ ಹೋಯಿತೆಂದು ಯಾರೂ ನಂಬಲಿಲ್ಲ. ಗಾಡಿ ನೋಡಿದ ಇನ್‌ಸ್ಪೆಕ್ಟರು ಇದು ಬಹಳ ದಿನದ ತೊಂದರೆ ಎಂದು ಬರೆದರು. ಹಾಗಾದರೆ ತಿಳಿಸದೆ ಓಡಿಸಿದ ಡ್ರೈವರಿನದೇ ತಪ್ಪು ಎಂದಾಯಿತು, ಪುಸ್ತಕವೇ ಸಾಕ್ಷಿ. ಸಾಹುಕಾರರು ಅವನನ್ನು ಕೆಲಸದಿಂದ ತೆಗೆದರು. ಲೈಸೆನ್ಸು ಹೋಯಿತು. ಕೇಸು ನಡೆದು ಅವನೇ ತಪ್ಪಿತಸ್ಥನೆಂದಾದರೆ ಅದು ಮತ್ತೆ ಬರುವ ಆಸೆ ಇಲ್ಲವೆಂದು ಅವನ ವಕೀಲರು ಹೇಳಿದ್ದರಂತೆ. ನಾನು ಕೈ ಬಿಟ್ಟೆ. ಎರಡು ವರ್ಷದ ಮೇಲೆ ಕೆಲಸ ಬಿಟ್ಟು ಕಡೂರಿನಲ್ಲಿ ಮಗಳ ಮನೆಯ ಹತ್ತಿರ ಬಂದು ಕೂತೆ.

ಹೋದ ವರ್ಷ ಸಮನ್ಸ್ ಬಂತು. ಸರ್ಕಾರದ ಕಡೆಯ ಸಾಕ್ಷಿ ನಾನು. ಆ ಪುಸ್ತಕ ನಮ್ಮ ಆಫೀಸಿನದು, ಅವನು ನನಗೆ ಏನೂ ತಿಳಿಸಿರಲಿಲ್ಲ, ಇಷ್ಟು ಹೇಳಿದರೆ ಆಯಿತು. ಹಳೆಯ ಹಾಳೆ ಬೂದಿಯಾಗಿತ್ತು. ಅದರಲ್ಲಿ ಏನಿತ್ತೆಂದು ಹೇಳಲು ನನ್ನ ಬಾಯಿ ಬಿಟ್ಟರೆ ಇನ್ನೇನೂ ಉಳಿದಿರಲಿಲ್ಲ. ಸಾಹುಕಾರರು ಅವತ್ತೇ ಫೋನ್ ಮಾಡಿದರು. ದನಿ ಬಹಳ ಮುದಿಯಾಗಿತ್ತು. "ನೀನೇ ಕಣೋ ನಮ್ಮನೆಗೆ ಹಿರಿಯ. ಪುಸ್ತಕದಾಗೆ ಇರೋದು ಹೇಳು, ಸಾಕು." ಎಷ್ಟು ಪ್ರೀತಿಯಿಂದ ಹೇಳಿದರೆಂದರೆ ನನ್ನ ಮೈಮೇಲೆ ಮುಳ್ಳೆದ್ದಿತು. ಅದೇ ಪ್ರೀತಿ, ಅದೇ ದನಿ. ನಾನು ಡ್ರೈವರಿನ ಹೆಗಲ ಮೇಲೆ ಕೈ ಇಟ್ಟಾಗ ಅವನಿಗೆ ಕೇಳಿಸಿದ್ದು ಇದೇ.

ನಿಜ ಹೇಳಿದರೆ ನನ್ನನ್ನು ಹಿಡಿಯುತ್ತಾರೆ. ಈ ವಯಸ್ಸಿನಲ್ಲಿ, ಮಗಳ ಬೀದಿಯಲ್ಲಿ, ಪೊಲೀಸ್ ಜೀಪು. ಬೈಕಿನ ಶಬ್ದ ಕೇಳಿದರೂ ಕಿಟಕಿಗೆ ಹೋಗುತ್ತಿದ್ದೆ. ಒಂದು ವಾರ ಹೀಗೆ ಇದ್ದು, ಅಜ್ಜಂಪುರಕ್ಕೆ ಹೋದೆ. ಅವನು ಭಾವಮೈದನ ಹಿಟ್ಟಿನ ಗಿರಣಿಯಲ್ಲಿ ಕೆಲಸಕ್ಕಿದ್ದ. ತಲೆ, ಹುಬ್ಬು, ಎಲ್ಲ ಹಿಟ್ಟು ಹಿಡಿದು ಬೆಳ್ಳಗಾಗಿತ್ತು. ನನ್ನನ್ನು ನೋಡಿದ, ಮೆಷಿನ್ ನಿಲ್ಲಿಸಲಿಲ್ಲ. ರಾಗಿ ಡಬ್ಬ ಹಿಡಿದು ನಿಂತಿದ್ದ ಒಬ್ಬ ಹೆಂಗಸು, "ಯಾರಪ್ಪ ಇವ್ರು?" ಅಂದಳು.

"ನಮ್ ಮ್ಯಾನೇಜ್ರು ಕಣಮ್ಮ. ಎಲ್ರಿಗಿಂತ ಮುಂಚೆ ಇಳಿದೋರು."

"ಎಲ್ಲಿಂದ ಇಳಿದ್ರು?"

"ಬಸ್ಸಿಂದ ಕಣಮ್ಮ. ನಿಂದಾಯ್ತು, ತಗಂಡ್ ಹೋಗು."

ಅವಳು ಹೋದ ಮೇಲೆ ಮೆಷಿನ್ ನಿಲ್ಲಿಸಿದ. ಸಮನ್ಸ್ ಬಂದಿದೆ ಅಂದೆ.

"ಗೊತ್ತು. ವಕೀಲ್ರು ಅಂದ್ರು. ಹೆದ್ರಿಕೆ ಆಯ್ತೈತಾ?"

"ಹೂಂ."

"ನಂಗೂ ಆಗ್ತಿತ್ತು. ಗೇಟಿಗಲ್ಲ. ನಿಂಗೆ."

ಅವನು ಟವೆಲಿನಿಂದ ಮುಖ ಒರೆಸಿಕೊಂಡ.

"ನಂಗೆ ಓದಕ್ಕೆ ಬರಲ್ವಾ ಅಣ್ಣ? ಏನ್ ಬರೀತಿದೀನಿ ಅಂತ ಗೊತ್ತಿತ್ತು. ಎಲ್ಲಿಗೆ ಹೋಗಿ ನಿಲ್ತದೆ ಅಂತಾನೂ ಗೊತ್ತಿತ್ತು. ಹತ್ತು ದಿನ ಆದ್ಮೇಲೆ ನೀನು ಲೇ ಅಂದೆ ನೋಡು, ಅವತ್ತು ನೀನು ಬಾವಿಗೆ ಬೀಳು ಅಂದಿದ್ರೂ ಬಿದ್ಬಿಡ್ತಿದ್ದೆ. ಅದ್ಕೇ ನಿನ್ಮೇಲೆ ಅಷ್ಟು ಸಿಟ್ಟಿಲ್ಲ. ನನ್ಮೇಲೇ ಐತೆ."

"ಜೈಲಾದ್ರೆ?"

"ಜೈಲಾದ್ರೆ ಇದ್ದು ಬತ್ತೀನಿ. ಇನ್ನೊಂದ್ಸಲ ಸ್ಟೇರಿಂಗ್ ಹಿಡೀದೆ ಸತ್ತೋಯ್ತೀನೇನೋ ಅಂತ ಅಷ್ಟೇ." ಮತ್ತೆ ಮೆಷಿನಿನ ಕಡೆ ತಿರುಗಿದ. "ತಾರೀಖಿಗೆ ಬಾ. ತಪ್ಪಿಸ್ಕಬೇಡ."

ಏನು ಹೇಳುತ್ತೀಯ ಎಂದು ಅವನು ಕೇಳಲಿಲ್ಲ. ನಾನೂ ಹೇಳಲಿಲ್ಲ, ನನಗೇ ಗೊತ್ತಿರಲಿಲ್ಲ.

ತರೀಕೆರೆಯ ಕೋರ್ಟಿನಲ್ಲಿ ನನ್ನ ಹೆಸರು ಕೂಗಿದಾಗ ಹನ್ನೆರಡು ಗಂಟೆ ಇರಬೇಕು. ಕಟಕಟೆಯ ಮರವನ್ನು ಎರಡೂ ಕೈಯಲ್ಲಿ ಹಿಡಿದು ನಿಂತೆ. ಸಾಹುಕಾರರು ಬಂದಿರಲಿಲ್ಲ, ಅವರ ಅಳಿಯ ಹಿಂದಿನ ಬೆಂಚಿನಲ್ಲಿದ್ದ. ಡ್ರೈವರು ಆಚೆ ಕಡೆ ಕೈ ಕಟ್ಟಿ ನಿಂತಿದ್ದ. ಸರ್ಕಾರಿ ವಕೀಲರು ಪುಸ್ತಕ ತೋರಿಸಿ, ಇದು ನಿಮ್ಮ ಆಫೀಸಿನದೇ ಎಂದು ಕೇಳಿದರು. ಹೌದು ಅಂದೆ. ಬ್ರೇಕ್ ಸರಿಯಿಲ್ಲ ಎಂದು ಆರೋಪಿ ನಿಮಗೆ ಯಾವಾಗಲಾದರೂ ತಿಳಿಸಿದ್ದನೇ ಎಂದು ಕೇಳಿದರು.

ಇಲ್ಲ ಎಂಬ ಮಾತು ನಾಲಿಗೆಯ ಮೇಲೆ ಸಿದ್ಧವಾಗಿತ್ತು. ಅದು ಹೊರಡಲಿಲ್ಲ. ಧೈರ್ಯ ಬಂತು ಎಂದು ಹೇಳಲಾರೆ. ಅವನು ನನ್ನ ಕಡೆ ನೋಡುತ್ತಿರಲಿಲ್ಲ, ಕಿಟಕಿಯಾಚೆ ಹೋಗುತ್ತಿದ್ದ ಬಸ್ಸೊಂದರ ಗೇರಿನ ಶಬ್ದಕ್ಕೆ ಕಿವಿ ಕೊಟ್ಟಿದ್ದ.

"ಹೇಳಿದ್ದ ಸ್ವಾಮಿ. ದಿನಾ ಬರೆದೂ ಇದ್ದ. ಆ ಹಾಳೆ ಹರಿದು ಒಲೆಗೆ ಹಾಕಿದವನು ನಾನು. ಇದು ಆಮೇಲೆ ಬರೆಸಿದ್ದು."

ವಕೀಲರು ಕನ್ನಡಕ ತೆಗೆದರು. ಜಡ್ಜು ಮೊದಲ ಸಲ ತಲೆ ಎತ್ತಿ, "ನೀವು ಏನು ಹೇಳುತ್ತಿದ್ದೀರಿ ಅಂತ ಗೊತ್ತಿದೆಯಾ? ಇದರಿಂದ ನಿಮ್ಮ ಮೇಲೇ ಕೇಸ್ ಆಗಬಹುದು" ಅಂದರು. ಗೊತ್ತು ಅಂದೆ. ಆಮೇಲೆ ಅವನ ವಕೀಲರು ಎದ್ದರು.

"ಹೆದರಿಸಿ ಬರೆಸಿದಿರಾ?"

"ಇಲ್ಲ."

"ಹಾಗಾದರೆ ಅವನು ಯಾಕೆ ಬರೆದ?"

"ನಾನು ಪ್ರೀತಿಯಿಂದ ಮಾತಾಡಿಸಿದೆ, ಅದಕ್ಕೆ ಬರೆದ. ಅದಕ್ಕೆ ಮುಂಚೆ ಹತ್ತು ದಿನ ಮರ್ಯಾದೆ ಕೊಟ್ಟಿದ್ದೆ."

ಹಿಂದೆ ಯಾರೋ ನಕ್ಕರು. ಟೈಪು ಮಾಡುತ್ತಿದ್ದ ಹೆಣ್ಣುಮಗಳು ಕೈ ನಿಲ್ಲಿಸಿ, ಇದನ್ನು ಏನಂತ ಹಾಕಲಿ ಎಂದು ಜಡ್ಜಿನ ಮುಖ ನೋಡಿದಳು. ನಾನು ಬಿಡಿಸಿ ಹೇಳಲು ಹೋದೆ, ಲೇ ಅನ್ನೋದು, ನೀವು ಅನ್ನೋದು ಎಂದು ತೊದಲಿದೆ. ಜಡ್ಜು ಕೈ ತೋರಿಸಿ ಸಾಕು ಅಂದು, ತಾವೇ ಹೇಳಿ ಬರೆಸಿದರು: ಸದರಿ ಆರೋಪಿಯ ಮೇಲೆ ಒತ್ತಡ ಹೇರಿ ಬರೆಸಿರುತ್ತೇನೆ. ನಾನು ಹೇಳಿದ್ದು ಅದಲ್ಲ. ಆದರೂ ಸಹಿ ಹಾಕಿದೆ. ಅದರ ಹತ್ತಿರಕ್ಕೆ ಬರುವ ಇನ್ನೊಂದು ಮಾತು ಅಲ್ಲಿ ಯಾರ ಹತ್ತಿರವೂ ಇರಲಿಲ್ಲ.

ಮುಂದಿನ ತಾರೀಖು ಕೊಟ್ಟರು. ಅವನಿಗೆ ಅನುಕೂಲ ಆಗಬಹುದು, ಹೇಳಲಾಗದು ಎಂದು ಅವನ ವಕೀಲರು ಹೇಳಿದರು. ನನ್ನ ಕಡೆ ತಿರುಗಿ, ನೀವೂ ಒಬ್ಬ ವಕೀಲರನ್ನು ನೋಡಿಕೊಳ್ಳಿ ಅಂದರು. ಸಾಹುಕಾರರ ಅಳಿಯ ನನ್ನನ್ನು ದಾಟಿಕೊಂಡು ಹೋದ.

ಮಧ್ಯಾಹ್ನದ ಬಸ್ಸಿಗೆ ನಾನೂ ನಮ್ಮ ಡ್ರೈವರೂ ಹತ್ತಿದೆವು. ನಾನು ಕಡೂರಿಗೆ, ಅವನು ಅಜ್ಜಂಪುರಕ್ಕೆ. ಬಸ್ಸು ಯಾರದ್ದೋ ಬೇರೆಯವರದ್ದು, ಡ್ರೈವರು ಹೊಸ ಹುಡುಗ. ನಮ್ಮವನು ಬಾಗಿಲ ಪಕ್ಕದ ಮುಂದಿನ ಸೀಟಿನಲ್ಲಿ ಕೂತ. ಪಕ್ಕದಲ್ಲಿ ಜಾಗ ಇತ್ತು, ನನ್ನನ್ನು ಕರೆಯಲಿಲ್ಲ. ನಾನು ಆಚೆ ಸಾಲಿನಲ್ಲಿ ಎರಡು ಸೀಟು ಹಿಂದೆ ಕೂತೆ. ಅಲ್ಲಿಂದ ಅವನ ಕಾಲು ಕಾಣುತ್ತಿತ್ತು. ತಿರುವು ಬಂದರೆ, ಮುಂದೆ ದನ ಅಡ್ಡ ಬಂದರೆ, ಅವನ ಬಲಗಾಲು ತಾನಾಗಿ ಬಸ್ಸಿನ ನೆಲವನ್ನು ಒತ್ತುತ್ತಿತ್ತು. ಎಡಗಾಲು ಕ್ಲಚ್ಚಿಗೆ ಏಳುತ್ತಿತ್ತು. ಅವನಿಗೆ ಅದರ ಅರಿವಿದ್ದಂತೆ ಕಾಣಲಿಲ್ಲ. ಸವೆದ ಚಪ್ಪಲಿ, ಬೆರಳ ಸಂದಿಯಲ್ಲಿ ಹಿಟ್ಟು. ಒತ್ತುವುದು, ಬಿಡುವುದು, ಮತ್ತೆ ಒತ್ತುವುದು. ಅಜ್ಜಂಪುರ ಬರುವವರೆಗೂ ನಾನು ಅದನ್ನೇ ನೋಡುತ್ತಾ ಕೂತಿದ್ದೆ, ಅವನು ಒಂದು ಸಲ ತಿರುಗಿ ನನ್ನನ್ನು ನೋಡಿಬಿಟ್ಟರೆ ಏನು ಮಾಡಲಿ ಎಂಬ ಭಯದಲ್ಲಿ.